ನಿಮಗಿದು ಗೊತ್ತೇ? ಬಾಗಿ ಬರುವ ಉಕ್ಕು ಬಿರುಕು ಬಿಡದಿರಲು ಏನು ಮಾಡುತ್ತಾರೆ?

ಸಂಡೂರಿನ ಬೆಟ್ಟಗಳ ಕೆಂಪು ಅದಿರು ತೋರಣಗಲ್ಲಿನ ಕುಲುಮೆಯಲ್ಲಿ ಕರಗಿ ಉಕ್ಕಾಗುವುದು ಎಲ್ಲರಿಗೂ ಗೊತ್ತು. ಆ ದ್ರವ ಗಟ್ಟಿಯಾಗುವ ಹೊತ್ತಿನಲ್ಲೇ ಬಿರುಕಿನ ಭಯ ಹೆಚ್ಚು. ಅದನ್ನು ತಪ್ಪಿಸುವ ಜಾಣ್ಮೆಯ ಕೆಲವು ಸಂಗತಿಗಳು ಇಲ್ಲಿವೆ.

● ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಪ್ರಧಾನಿ ಇಂದಿರಾ ಗಾಂಧಿ ಅಡಿಗಲ್ಲು ಇಟ್ಟಿದ್ದು 1971ರಲ್ಲಿ. ಕನಸು ಕೈಗೂಡಲು ಎರಡು ದಶಕಗಳೇ ಹಿಡಿದವು. ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಹುಟ್ಟಿದ್ದು 1994ರಲ್ಲಿ. ಹೊಸಪೇಟೆಯಿಂದ ಸುಮಾರು 30 ಕಿ.ಮೀ. ದೂರದ ಈ ಕಾರ್ಖಾನೆಯ ಸಾಮರ್ಥ್ಯ ಇಂದು ವರ್ಷಕ್ಕೆ 1.2 ಕೋಟಿ ಟನ್ನಿಗೂ ಹೆಚ್ಚು.

● ಈಗಿನ ಕಾರ್ಖಾನೆಗಳಲ್ಲಿ ಉಕ್ಕನ್ನು ಒಂದೊಂದೇ ಅಚ್ಚಿಗೆ ಹೊಯ್ದು ಆರಲು ಬಿಡುವುದು ಅಪರೂಪ. ಲ್ಯಾಡಲ್ ಎಂಬ ದೊಡ್ಡ ಪಾತ್ರೆಯಿಂದ ಟಂಡಿಶ್ ಎಂಬ ತೊಟ್ಟಿಗೆ, ಅಲ್ಲಿಂದ ತಳವಿಲ್ಲದ ಅಚ್ಚಿಗೆ ದ್ರವ ಸುರಿಯುತ್ತಲೇ ಇರುತ್ತದೆ. ಕೆಳಗಿನಿಂದ ಸ್ಲ್ಯಾಬ್ ಎಂಬ ಉಕ್ಕಿನ ದಪ್ಪ ಹಲಗೆ ಇಳಿಯುತ್ತಲೇ ಇರುತ್ತದೆ. ಜಗತ್ತಿನ ಶೇ 95ಕ್ಕೂ ಹೆಚ್ಚು ಉಕ್ಕು ಹೀಗೆ ನಿರಂತರ ಎರಕದಿಂದಲೇ ಬರುತ್ತದೆ.

● ಆ ಅಚ್ಚು ತಾಮ್ರದ್ದು! ತಾಮ್ರ 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಒಳಗೆ ಬೀಳುವ ಉಕ್ಕಿನ ಬಿಸಿ 1,500 ಡಿಗ್ರಿಗೂ ಮೇಲೆ. ಆದರೂ ಅಚ್ಚು ಕರಗದು. ತಾಮ್ರ ಶಾಖವನ್ನು ಬಹುಬೇಗ ದಾಟಿಸುತ್ತದೆ, ಹಿಂದೆ ರಭಸದಿಂದ ಹರಿಯುವ ನೀರು ಅದನ್ನು ಹೊತ್ತೊಯ್ಯುತ್ತದೆ.

● ಅಚ್ಚು ಅಲುಗದೆ ನಿಂತರೆ ಉಕ್ಕು ಅದಕ್ಕೆ ಅಂಟಿ ಹರಿದುಹೋಗುತ್ತದೆ. ಹಾಗಾಗಿ ಅಚ್ಚು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ, ಕೆಲವೇ ಮಿ.ಮೀ. ಮೇಲೆ ಕೆಳಗೆ ಆಡುತ್ತಿರುತ್ತದೆ. 1930ರ ದಶಕದಲ್ಲಿ ಈ ಉಪಾಯವನ್ನು ರೂಢಿಗೆ ತಂದವರು ಜರ್ಮನಿಯ ಸೀಗ್‌ಫ್ರೀಡ್ ಯುಂಗ್‌ಹಾನ್ಸ್.

● ಅಚ್ಚಿನಿಂದ ಹೊರಬೀಳುವಾಗ ಸ್ಲ್ಯಾಬಿನ ಚಿಪ್ಪಷ್ಟೇ ಗಟ್ಟಿ, ಅದೂ ಒಂದೆರಡು ಸೆಂ.ಮೀ. ದಪ್ಪ. ಒಳಗೆಲ್ಲ ದ್ರವವೇ. 220 ಮಿ.ಮೀ. ದಪ್ಪದ ಸ್ಲ್ಯಾಬು ನಡುವಿನವರೆಗೂ ಗಟ್ಟಿಯಾಗಲು ಸುಮಾರು 18 ನಿಮಿಷ ಬೇಕು. ನಿಮಿಷಕ್ಕೆ 1.2 ಮೀಟರ್ ವೇಗದಲ್ಲಿ ಅದು ಅಷ್ಟರೊಳಗೆ 20 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ.

● ಆ ದಾರಿಯುದ್ದಕ್ಕೂ ಸ್ಲ್ಯಾಬನ್ನು ಎರಡೂ ಕಡೆ ಹಿಡಿದು ನಡೆಸುವುದು ರೋಲರ್‌ಗಳ ಸಾಲು. ದ್ರವದ ಮಟ್ಟದಿಂದ 10 ಮೀಟರ್ ಕೆಳಗೆ ಚಿಪ್ಪಿನ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 7 ಕಿಲೋ ಒತ್ತಡ! ಎರಡು ರೋಲರ್‌ಗಳ ನಡುವೆ ಚಿಪ್ಪು ಉಬ್ಬುತ್ತದೆ. ಸರಳ ಲೆಕ್ಕದಲ್ಲಿ, ರೋಲರ್‌ಗಳ ನಡುವಿನ ಅಂತರ ಎರಡು ಪಟ್ಟಾದರೆ ಉಬ್ಬು 16 ಪಟ್ಟು.

● ಒಂದೇ ಒಂದು ರೋಲರ್ ಒಂದೆರಡು ಮಿ.ಮೀ. ಸಾಲು ತಪ್ಪಿದರೂ ಸಾಕು, ಸ್ಲ್ಯಾಬಿನೊಳಗೆ ಬಿರುಕು ಮೂಡಬಹುದು. ದ್ರವ ಗಟ್ಟಿಯಾಗುತ್ತಿರುವ ಆ ಅಂಚು ತೀರಾ ನಾಜೂಕು. ಶೇ 1ಕ್ಕಿಂತ ಕಡಿಮೆ ಎಳೆತಕ್ಕೂ ಅದು ಸೀಳಬಲ್ಲದು.

● ಅಚ್ಚಿನಿಂದ ಕೆಳಗಿಳಿಯುವ ಸ್ಲ್ಯಾಬು ಬಿಲ್ಲಿನಂತೆ ಬಾಗಿ ಬಂದು ಕೊನೆಗೆ ನೆಲಕ್ಕೆ ಸಮನಾಗಿ ನೇರವಾಗಬೇಕು. ಬಾಗಿನ ತ್ರಿಜ್ಯ 10 ಮೀಟರ್, ದಪ್ಪ 220 ಮಿ.ಮೀ. ಎಂದುಕೊಳ್ಳಿ. ನೇರವಾಗುವಾಗ ಮೇಲ್ಮುಖ ಪ್ರತಿ ಮೀಟರಿಗೆ 11 ಮಿ.ಮೀ. ಹಿಗ್ಗಬೇಕು.

● ಆ ಹೊತ್ತಿನಲ್ಲಿ ಮೇಲ್ಮೈ 700ರಿಂದ 900 ಡಿಗ್ರಿಯ ನಡುವೆ ಇದ್ದರೆ ಅಪಾಯ. ಹಲವು ಬಗೆಯ ಉಕ್ಕು ಈ ಬಿಸಿಯಲ್ಲಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಅಡ್ಡ ಬಿರುಕುಗಳು ಏಳುವುದು ಆಗಲೇ. ಬೇಗ ತಣಿಯುವ ಮೂಲೆಗಳಿಗೆ ಪೆಟ್ಟು ಮೊದಲು.

● ಇದಕ್ಕೆ ಮದ್ದು ರೋಲರ್‌ಗಳ ಸಾಲಿನ ಆಕಾರದಲ್ಲೇ ಇದೆ. ಒಂದೇ ಜಾಗದಲ್ಲಿ ನೇರ ಮಾಡುವ ಬದಲು ತ್ರಿಜ್ಯವನ್ನು 10ರಿಂದ 15ಕ್ಕೆ, 15ರಿಂದ 30 ಮೀಟರಿಗೆ, ಅಲ್ಲಿಂದ ನೇರಕ್ಕೆ ಒಯ್ದರೆ ಮೂರೂ ಹಂತಗಳಲ್ಲಿ ಹಿಗ್ಗು ಸಮಪಾಲು: ಮೀಟರಿಗೆ 4 ಮಿ.ಮೀ.ಗೂ ಕಡಿಮೆ. ಒಟ್ಟು ಹಿಗ್ಗು ಅಷ್ಟೇ ಇದ್ದರೂ ಉಕ್ಕಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ.

● ಇನ್ನೂ ನಯವಾದ ದಾರಿಯೂ ಉಂಟು. ಬಾಗು ಹೆಜ್ಜೆ ಹೆಜ್ಜೆಯಾಗಿ ಬದಲಾಗದೆ, ಪ್ರತಿ ರೋಲರ್‌ಗೂ ಒಂದಿಷ್ಟೇ ಸಡಿಲವಾಗುತ್ತ ಹೋಗುವ ಗೆರೆ ಅದು. ರೈಲು ಹಳಿ ನೇರದಿಂದ ತಿರುವಿಗೆ ಹೊರಳುವಾಗ ಎಂಜಿನಿಯರುಗಳು ಬಳಸುವ ಗಣಿತವೇ ಇಲ್ಲೂ ನೆರವಿಗೆ ಬರುತ್ತದೆ.

● ಬಿರುಕು ತಡೆಯಲು ಸಂಡೂರಿನ ನೆಲದಲ್ಲೂ ಮದ್ದಿದೆ. ಉಕ್ಕಿನಲ್ಲಿ ಉಳಿದ ಗಂಧಕ ಕಬ್ಬಿಣದೊಡನೆ ಸೇರಿದರೆ 988 ಡಿಗ್ರಿಯಲ್ಲೇ ಕರಗುವ ಪದರವಾಗಿ ಹರಳುಗಳ ನಡುವೆ ಹರಡುತ್ತದೆ. ಮ್ಯಾಂಗನೀಸ್ ಇದ್ದರೆ ಗಂಧಕ ಅದನ್ನೇ ಹಿಡಿದುಕೊಳ್ಳುತ್ತದೆ, ಉಕ್ಕು ಉಳಿಯುತ್ತದೆ. ಸಂಡೂರು ಮ್ಯಾಂಗನೀಸ್ ಕಂಪನಿ 1954ರಿಂದಲೂ ಇಲ್ಲಿದೆ.

● ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಕುಳಿಗಳನ್ನು ನೋಡಿದ್ದೀರಾ? ಕಲ್ಲುಕುಟಿಗರು ಬೆಣೆ ಬಡಿದು ಬಂಡೆಯನ್ನು ಬೇಕಾದ ಗೆರೆಗೇ ಸೀಳುತ್ತಿದ್ದ ಗುರುತು ಅವು. ಎಳೆತ ಒಂದೆಡೆ ಒಟ್ಟುಗೂಡಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ ಎಂಬುದನ್ನು ಅವರು ದುಡಿಸಿಕೊಂಡರು. ಎರಕದವರು ಅದೇ ಎಳೆತವನ್ನು ಹಂಚಿ ಉಕ್ಕನ್ನು ಕಾಯುತ್ತಾರೆ.

● ಉಕ್ಕು ಗಟ್ಟಿಮುಟ್ಟಾಗಿರಬೇಕಾದ ಅಗತ್ಯ ಕಂಪ್ಲಿಯ ಭತ್ತದ ರೈತರಿಗೆ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ, ಬೆಳೆಗೆಂದು ಕೂಡಿಟ್ಟ ನೀರು ಹೊಳೆ ಪಾಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಇಳಿಸಿ ಹರಿವನ್ನು ತಡೆದರು.

● ಬಿರುಕು ಬಿಟ್ಟ ಸ್ಲ್ಯಾಬನ್ನು ತಣಿಸಿ, ಪರೀಕ್ಷಿಸಿ, ಬೆಂಕಿಯ ಜ್ವಾಲೆಯಿಂದ ಮೇಲ್ಮೈ ಹೆರೆದು, ಮತ್ತೆ ಕಾಯಿಸಬೇಕು. ಬಿರುಕಿಲ್ಲದ ಸ್ಲ್ಯಾಬನ್ನು ಬಿಸಿಬಿಸಿಯಾಗಿಯೇ ರೋಲಿಂಗ್ ಮಿಲ್ಲಿನ ಕುಲುಮೆಗೆ ಕಳುಹಿಸಬಹುದು. ರೋಲರ್ ಸಾಲಿನ ಗೆರೆ ನಯವಾದಷ್ಟೂ ಇಂಧನ ಉಳಿತಾಯ, ಹೊಗೆಯೂ ಕಡಿಮೆ.