ನ್ಯಾಯವಾದಿಯ ವಚನರಕ್ಷಣೆ: ಫ. ಗು. ಹಳಕಟ್ಟಿಯವರು

ಮೂಡುಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುಬಂದುದನ್ನು ಈ ಸೀಮೆಯ ವಾಚಕರು ಬಲ್ಲರು. ಒಂದು ಸ್ಥಳವೂ ಒಂದು ಪರಂಪರೆಯೂ ಅವಕ್ಕೆ ಕಾವಲಾಗಿದ್ದವು. ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೆ ಅಂತಹ ಏಕಾಶ್ರಯವಿರಲಿಲ್ಲ. ಅವುಗಳ ಓಲೆಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಚದುರಿಹೋಗಿದ್ದವು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದರೂ ಓದುವವರಿಲ್ಲದೆ ಹುಳುಗಳ ಪಾಲಾಗುತ್ತಿದ್ದವು. ಅವನ್ನು ಉದ್ಧರಿಸಿದವರು ವೃತ್ತಿಯಿಂದ ವಕೀಲರೂ ನಿಷ್ಠೆಯಿಂದ ಶಿವಭಕ್ತರೂ ಆದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಇವರು ಜನಿಸಿದುದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮುಂಬಯಿಯಲ್ಲಿ ವ್ಯಾಸಂಗ ಮಾಡಿ, 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿದ ಬಳಿಕ ಬಿಜಾಪುರದಲ್ಲಿ ನೆಲಸಿದರು. ಬಿಡುವು ದೊರೆತಾಗಲೆಲ್ಲ ಊರೂರು ಅಲೆದು ಓಲೆಯ ಕಟ್ಟುಗಳನ್ನು ಸಂಗ್ರಹಿಸಿದರು.

ವಕೀಲರಿಗೆ ಗ್ರಂಥಸಂಪಾದನೆಯ ಶಿಕ್ಷಣವೆಲ್ಲಿಯದು ಎಂಬ ಸಂದೇಹ ಇಲ್ಲಿ ಹುಟ್ಟಬಹುದು. ಒಂದೇ ವಚನವು ಬೇರೆಬೇರೆ ಪ್ರತಿಗಳಲ್ಲಿ ಬೇರೆಬೇರೆ ಪಾಠದೊಡನೆ ದೊರೆಯುತ್ತದೆ. ಲಿಪಿಕಾರನ ಕೈತಪ್ಪಾವುದು, ಕರ್ತೃವಿನ ಮಾತಾವುದು ಎಂದು ತೂಗಿ ನೋಡಬೇಕು. ಕರ್ತೃನಿರ್ಣಯಕ್ಕೆ ಅಂಕಿತವೇ ಮುಖ್ಯ ಆಧಾರ: ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು, ‘ಗುಹೇಶ್ವರ’ ಎಂದರೆ ಅಲ್ಲಮಪ್ರಭುಗಳು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ. ಸಾಕ್ಷಿಗಳ ಮಾತನ್ನು ಒಂದರೊಡನೊಂದು ಒರೆಹಚ್ಚುವ ಅಭ್ಯಾಸವಿದ್ದವರಿಗೆ ಈ ಕಾರ್ಯವು ಪರಕೀಯವಾದುದಲ್ಲ.

ಮುದ್ರಣವು ಸಂಗ್ರಹಕ್ಕಿಂತ ಕಠಿನವಾಯಿತು. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಬಂದಿತ್ತಾದರೂ ಇಲ್ಲಿ ಅಚ್ಚಾಗಲಿಲ್ಲ. ಅದರ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಪರಾಶ್ರಯದಿಂದ ಕಾರ್ಯ ಸಾಗದೆಂದು ಕಂಡು ತಮ್ಮ ಮನೆಯನ್ನೇ ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಆರಂಭಗೊಂಡವು.

ಲೋಕವ್ಯವಹಾರವನ್ನೂ ಅವರು ಕಡೆಗಣಿಸಲಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಬಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. 1920ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾದರು. 1926ರ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಷ್ಟಾದರೂ ಕೈಯಲ್ಲಿ ಧನ ನಿಲ್ಲಲಿಲ್ಲ. ಗಳಿಸಿದುದೆಲ್ಲ ಅಚ್ಚಿನ ಮೊಳೆಗೂ ಕಾಗದಕ್ಕೂ ಸಂದಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಪಾಠಶೋಧನೆಯಲ್ಲಿ ಈಚಿನ ವಿದ್ವಾಂಸರು ಹಳಕಟ್ಟಿಯವರನ್ನು ಮೀರಿ ನಡೆದಿರಬಹುದು. ಅದು ಶಾಸ್ತ್ರದ ಸಹಜ ಗತಿ. ಆದರೆ ಶೋಧಿಸಲು ಓಲೆ ಉಳಿದಿರಬೇಕಷ್ಟೆ. ಬಂಟ್ವಾಳ, ಬೆಳ್ತಂಗಡಿಗಳ ಹಳೆಯ ಮನೆಗಳ ಅಟ್ಟಗಳಲ್ಲಿ ಇಂದಿಗೂ ಓಲೆಯ ಕಟ್ಟುಗಳಿದ್ದರೆ, ಮನೆಯ ಹಿರಿಯರ ಅನುಮತಿ ಪಡೆದು ಅವನ್ನು ಬಲ್ಲವರಿಗೆ ತೋರಿಸುವುದು ನಮ್ಮ ವಿದ್ಯಾರ್ಥಿಗಳಿಂದ ಸಾಧ್ಯವಾಗುವ ಕಾರ್ಯ. ಹಳಕಟ್ಟಿಯವರು ಹಿಡಿದ ದಾರಿಯೂ ಇಂತಹುದೇ ಒಂದು ಕಟ್ಟನ್ನು ಬಿಚ್ಚುವುದರಿಂದ ಮೊದಲಾಯಿತು.