ಬೀದಿ ಗುಡಿಸುವವರ ಯಜಮಾನ ಯಾರು? ಪುರಸಭೆ ಮತ್ತು ಕಾರ್ಮಿಕ ಸಂಘಗಳ ಹಳೆಯ ತಕರಾರು

ಹೊಸೂರು, ಸೊಲ್ಲಾಪುರ, ಆದವಾನಿ, ಕಾಸರಗೋಡು. ಊರು ಯಾವುದಾದರೂ ಬೆಳಗಿನ ಜಾವ ಕಸ ಎತ್ತುವವರ ಕೆಲಸ ಹೆಚ್ಚುಕಡಿಮೆ ಒಂದೇ. ಆದರೆ "ನಿಮಗೆ ಸಂಬಳ ಕೊಡುವವರು ಯಾರು?" ಎಂದು ಕೇಳಿದರೆ ರಾಜ್ಯಕ್ಕೊಂದು ಉತ್ತರ ಬರುತ್ತದೆ. ಒಂದು ಕಡೆ ಪಾಲಿಕೆ, ಇನ್ನೊಂದು ಕಡೆ ಗುತ್ತಿಗೆದಾರ, ಮತ್ತೊಂದು ಕಡೆ ಸರಕಾರವೇ ಹುಟ್ಟುಹಾಕಿದ ನಿಗಮ. ಕೇರಳದಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮಸೇನೆಯ ಮಹಿಳೆಯರು ಯಾರ ನೌಕರರೂ ಅಲ್ಲ. ದಾಖಲೆಯಲ್ಲಿ ಅವರು ಕುಟುಂಬಶ್ರೀಯಡಿ ಕಿರು ಉದ್ಯಮ ನಡೆಸುವವರು, ಮನೆಯವರು ಕೊಡುವ ಬಳಕೆದಾರರ ಶುಲ್ಕವೇ ಅವರ ಆದಾಯದ ಮೂಲ.

ಸ್ಥಳೀಯ ಸಂಸ್ಥೆಗಳ ಕಾರ್ಮಿಕ ಸಂಘಗಳು ಸಂಬಳಕ್ಕಾಗಿ ಜಗಳವಾಡುತ್ತವೆ ಎಂಬುದು ಸಾಮಾನ್ಯ ತಿಳುವಳಿಕೆ. ನಿಜಕ್ಕೂ ಅವುಗಳ ಮೊದಲ ಜಗಳ ಬೇರೆಯೇ. ಮಾತುಕತೆಗೆ ಕೂರಬೇಕಾದರೆ ಎದುರಿಗೆ ಯಜಮಾನ ಇರಬೇಕು. ಆ ಕುರ್ಚಿಯಲ್ಲಿ ಕೂರಲು ಪುರಸಭೆ ಒಪ್ಪುವುದಿಲ್ಲ ಎಂಬಲ್ಲಿಂದಲೇ ತಕರಾರು ಶುರುವಾಗುತ್ತದೆ.

ಮೊದಲು "ನಾವು ಕಾರ್ಖಾನೆಯಲ್ಲ, ನಮಗೆ ಕೈಗಾರಿಕಾ ಕಾನೂನು ಅನ್ವಯಿಸುವುದಿಲ್ಲ" ಎಂಬುದು ಪುರಸಭೆಗಳ ವಾದವಾಗಿತ್ತು. ಈ ವಾದವನ್ನು ಸುಪ್ರೀಂ ಕೋರ್ಟು ಪರೀಕ್ಷೆಗೆ ಹಚ್ಚಿದ್ದು ಬಂಗಾಳದ ಬಜ್‌ಬಜ್ ಪುರಸಭೆಯ ಪ್ರಕರಣದಲ್ಲಿ. ಅಲ್ಲಿ ಒಬ್ಬ ಹೆಡ್ ಕ್ಲಾರ್ಕು ಮತ್ತು ಒಬ್ಬ ಸ್ಯಾನಿಟರಿ ಇನ್‌ಸ್ಪೆಕ್ಟರರನ್ನು ಕೆಲಸದಿಂದ ತೆಗೆದಾಗ ನೌಕರರ ಸಂಘ ಅವರ ಪರ ನಿಂತಿತು. ನ್ಯಾಯಮಂಡಳಿ ಇಬ್ಬರನ್ನೂ ಮರಳಿ ತೆಗೆದುಕೊಳ್ಳಿ ಎಂದಿತು. ಪುರಸಭೆ ಮೇಲಕ್ಕೆ ಹೋಯಿತು. 1952ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಮಂಡಳಿಯ ತೀರ್ಪನ್ನೇ ಎತ್ತಿಹಿಡಿಯಿತು. ಪುರಸಭೆ ಮತ್ತು ಅದರ ನೌಕರರ ನಡುವಿನ ತಕರಾರೂ ಕೈಗಾರಿಕಾ ವಿವಾದ ಆಗಬಲ್ಲದು ಎಂದಾಯಿತು. 1960ರಲ್ಲಿ ನಾಗಪುರ ಪಾಲಿಕೆಯ ಪ್ರಕರಣದಲ್ಲಿ ನ್ಯಾಯಾಲಯ ಒಂದೊಂದೇ ಇಲಾಖೆಯನ್ನು ಎತ್ತಿಕೊಂಡು ಇದು ಕೈಗಾರಿಕೆಯೇ ಎಂದು ನೋಡಿತು.

1978ರ ಫೆಬ್ರವರಿಯಲ್ಲಿ ಬಂದದ್ದು ಬೆಂಗಳೂರು ನೀರು ಸರಬರಾಜು ಮಂಡಳಿಯ ತೀರ್ಪು. ಮಂಡಳಿ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡಿದುಕೊಂಡಿತ್ತು, ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಇಷ್ಟು ಸಣ್ಣ ಸಂಗತಿ ಏಳು ನ್ಯಾಯಾಧೀಶರ ಪೀಠದ ವರೆಗೆ ಏರಿತು. ಮುಖ್ಯ ತೀರ್ಪು ಬರೆದ ವಿ. ಆರ್. ಕೃಷ್ಣ ಅಯ್ಯರ್ ಕಾಸರಗೋಡಿನವರಿಗೆ ಅಪರಿಚಿತರಲ್ಲ. ತಲಶ್ಶೇರಿಯಲ್ಲಿ ವಕೀಲಿ ಮಾಡಿ 1957ರ ಕೇರಳ ಮಂತ್ರಿಮಂಡಲದಲ್ಲಿ ಇದ್ದವರು. ವ್ಯವಸ್ಥಿತ ಚಟುವಟಿಕೆ, ಮಾಲೀಕ-ನೌಕರರ ಸಹಕಾರ, ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಇವಿಷ್ಟಿದ್ದರೆ ಅದು ಕೈಗಾರಿಕೆ, ಲಾಭದ ಉದ್ದೇಶ ಇರಬೇಕಾಗಿಲ್ಲ ಎಂದು ಅವರು ಬರೆದರು. ಅಲ್ಲಿಂದ ಮುಂದೆ "ನಾವು ಕೈಗಾರಿಕೆಯಲ್ಲ" ಎಂದು ಹೇಳಿ ಪುರಸಭೆ ಪಾರಾಗುವುದು ಕಷ್ಟವಾಯಿತು.

ಆಗ ಬಂದ ಹೊಸ ಮಾತು, "ಇವರು ನಮ್ಮ ನೌಕರರೇ ಅಲ್ಲ, ಗುತ್ತಿಗೆದಾರನ ಆಳುಗಳು" ಎಂಬುದು.

ಇದರ ಒಳಗುಟ್ಟು ತಿಳಿಯಲು ಮುಂಬಯಿ ನೋಡಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಮತ್ತು ಅದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಂಡ ಗುತ್ತಿಗೆಗೆ ಮಾತ್ರ ಅನ್ವಯವಾಗುತ್ತಿತ್ತು. ಹಾಗಾಗಿ ಅಲ್ಲಿನ ಪಾಲಿಕೆಯ ಕಸದ ಗುತ್ತಿಗೆಗಳನ್ನು 20ಕ್ಕಿಂತ ಕಡಿಮೆ ಜನರ ತುಂಡುಗಳಾಗಿ ಮಾಡಿ ಹಂಚಲಾಯಿತು. ಕಾರ್ಮಿಕರನ್ನು "ಸ್ವಯಂಸೇವಕರು" ಎಂದೂ, ಕೂಲಿಯನ್ನು "ಗೌರವಧನ" ಎಂದೂ ಬರೆದುಕೊಂಡದ್ದೂ ಉಂಟು. ಇವರಲ್ಲಿ ಹೆಚ್ಚಿನವರು ದಲಿತರು, ಬರಪೀಡಿತ ಜಿಲ್ಲೆಗಳಿಂದ ನಗರಕ್ಕೆ ಬಂದವರೂ ಅನೇಕರು. ಕಚರಾ ವಾಹತೂಕ್ ಶ್ರಮಿಕ್ ಸಂಘ ಎಂಬ ಸಂಘಟನೆ ಇವರನ್ನು ಕೂಡಿಸಿ, ಈ ಗುತ್ತಿಗೆ ಬರೀ ತೋರಿಕೆಯದು, ನಿಜವಾದ ಯಜಮಾನ ಪಾಲಿಕೆಯೇ ಎಂದು ಸಾಧಿಸಲು ಹೊರಟಿತು. ಸುಮಾರು 2,700 ಕಾರ್ಮಿಕರ ಪರವಾಗಿ 2014ರಲ್ಲಿ ಕೈಗಾರಿಕಾ ನ್ಯಾಯಮಂಡಳಿ ತೀರ್ಪಿತ್ತಿತು. ಹೈಕೋರ್ಟು ಅದನ್ನು ಒಪ್ಪಿತು, 2017ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಗೆದ್ದ ಮೇಲೂ ಕೆಲಸ ಮುಗಿಯಲಿಲ್ಲ. ಪಟ್ಟಿಯಲ್ಲಿನ ಹೆಸರಿನ ಕಾಗುಣಿತ ಗುರುತಿನ ಚೀಟಿಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ನೂರಾರು ಮಂದಿ ಮತ್ತೆ ಕಾಯಬೇಕಾಯಿತು.

ಈ ನಡುವೆ 2006ರ ಏಪ್ರಿಲ್ 10ರಂದು ಉಮಾದೇವಿ ತೀರ್ಪು ಬಂತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆಯಿಂದ ಹುಟ್ಟಿದ್ದು ಇದು. ನೇಮಕಾತಿಯ ನಿಯಮ ಬಿಟ್ಟು ಸೇರಿದವರು, ಎಷ್ಟು ವರ್ಷ ದುಡಿದರೂ, ಖಾಯಂ ಆಗುವ ಹಕ್ಕು ಕೇಳುವಂತಿಲ್ಲ ಎಂದು ಸಂವಿಧಾನ ಪೀಠ ಹೇಳಿತು. ದೇಶದ ಎಲ್ಲ ಪುರಸಭೆಗಳ ಕಾನೂನು ಸಲಹೆಗಾರರಿಗೂ ಇದು ಒಂದು ಗುರಾಣಿಯಾಯಿತು. ಹತ್ತು ವರ್ಷ ತಾವೇ ದುಡಿಸಿಕೊಂಡು, ಕೊನೆಗೆ "ನಿಮ್ಮ ನೇಮಕವೇ ಸರಿಯಿಲ್ಲ" ಎನ್ನುವುದು ಯಾವ ನ್ಯಾಯವೋ! 2009ರಲ್ಲಿ ಮಹಾರಾಷ್ಟ್ರದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಒಂದು ಬಾಗಿಲು ತೆರೆದಿಟ್ಟಿತು. ಉಮಾದೇವಿ ತೀರ್ಪು ಕೈಗಾರಿಕಾ ನ್ಯಾಯಾಲಯಗಳ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ ಎಂದಿತು. ಅಂದರೆ ಒಬ್ಬೊಬ್ಬರಾಗಿ ಹೈಕೋರ್ಟಿಗೆ ರಿಟ್ ಹಾಕುವವರಿಗಿಂತ ಕಾರ್ಮಿಕ ಇಲಾಖೆಯ ಮೂಲಕ ಕೈಗಾರಿಕಾ ವಿವಾದವಾಗಿ ಹೋಗುವವರಿಗೆ ದಾರಿ ಹೆಚ್ಚು ಅಗಲ.

2025ರ ಜನವರಿ 31ರ ಗಾಜಿಯಾಬಾದ್ ತೀರ್ಪು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ನಗರ ನಿಗಮದ ತೋಟಗಾರರು ಖಾಯಂ ಮಾಡಿ, ಕನಿಷ್ಠ ಕೂಲಿ ಕೊಡಿ ಎಂದು ಸಂಧಾನಾಧಿಕಾರಿಯ ಮುಂದೆ ಹೋದರು. ವಿವಾದ ನಡೆಯುತ್ತಿರುವಾಗಲೇ 2005ರಲ್ಲಿ ಅವರನ್ನು ಬಾಯಿಮಾತಿನಲ್ಲೇ ಕೆಲಸದಿಂದ ತೆಗೆಯಲಾಯಿತು. ಇಪ್ಪತ್ತು ವರ್ಷದ ಮೇಲೆ ಸುಪ್ರೀಂ ಕೋರ್ಟು ಅವರನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ಮರಳಿ ತೆಗೆದುಕೊಳ್ಳಲು ಹೇಳಿತು. ಶೋಷಣೆಯ ನೇಮಕಗಳಿಗೆ ಉಮಾದೇವಿ ತೀರ್ಪನ್ನು ಅಡ್ಡ ಹಿಡಿಯಬೇಡಿ ಎಂದೂ ಎಚ್ಚರಿಸಿತು.

ನ್ಯಾಯಾಲಯದ ಹೊರಗೆ ಬೀದಿಯಲ್ಲೂ ಇದೇ ಪ್ರಶ್ನೆ. ಬೆಂಗಳೂರಿನಲ್ಲಿ ಸಂಘಗಳ ಒತ್ತಾಯದ ಮೇಲೆ 2018ರಲ್ಲಿ ಗುತ್ತಿಗೆದಾರರನ್ನು ಬಿಟ್ಟು ಪೌರಕಾರ್ಮಿಕರಿಗೆ ಪಾಲಿಕೆಯಿಂದಲೇ ನೇರ ಪಾವತಿ ಬಂತು. 2022ರ ಮುಷ್ಕರದ ನಂತರ ಖಾಯಂಗೊಳಿಸುವ ಕೆಲಸ ಹಿಡಿದು, 2025ರ ಮೇ 1ರಂದು 12,692 ಮಂದಿಗೆ ನೇಮಕಾತಿ ಪತ್ರ ಕೊಡಲಾಯಿತು. ಅದೇ ವರ್ಷ ಚೆನ್ನೈ ಹಿಡಿದ ದಾರಿ ಇದಕ್ಕೆ ವಿರುದ್ಧ. ರಾಯಪುರಂ ಮತ್ತು ತಿರು.ವಿ.ಕ. ನಗರ ವಲಯಗಳ ಕಸ ವಿಲೇವಾರಿಯನ್ನು ಖಾಸಗಿ ಕಂಪೆನಿಗೆ ಕೊಟ್ಟಾಗ ಸುಮಾರು ಎರಡು ಸಾವಿರ ಕಾರ್ಮಿಕರು ಆಗಸ್ಟ್ 1ರಿಂದ 13 ದಿನ ರಿಪ್ಪನ್ ಕಟ್ಟಡದ ಮುಂದೆ ಕುಳಿತರು. ಕಂಪೆನಿಗೆ ಹೋದರೆ ಕೈಗೆ ಬರುವ ಸಂಬಳ ಇಳಿಯುತ್ತದೆ ಎಂಬುದು ಅವರ ಭಯ. ಹೈಕೋರ್ಟಿನ ಆದೇಶದ ಮೇರೆಗೆ ಪೊಲೀಸರು ರಾತ್ರಿ ಅವರನ್ನು ಎಬ್ಬಿಸಿ ಕರೆದೊಯ್ದರು. ತಮಿಳುನಾಡಿನಲ್ಲಿ 24 ತಿಂಗಳಲ್ಲಿ 480 ದಿನ ದುಡಿದವರನ್ನು ಖಾಯಂ ಮಾಡಬೇಕೆನ್ನುವ 1981ರ ಕಾಯ್ದೆ ಇದೆ, ಸಂಘಗಳು ಅದನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಲೇ ಬಂದಿವೆ.

ಆಂಧ್ರದ್ದು ನಡುದಾರಿ. 2020ರಲ್ಲಿ ಸರಕಾರ ಹೊರಗುತ್ತಿಗೆ ನೌಕರರಿಗೆಂದೇ ಆಪ್ಕಾಸ್ ಎಂಬ ನಿಗಮ ಮಾಡಿತು. ಖಾಸಗಿ ಏಜೆನ್ಸಿ ಕಮಿಷನ್ ಹೊಡೆಯುವುದು ತಪ್ಪಿತಾದರೂ, ದುಡಿಸಿಕೊಳ್ಳುವವರು ಒಬ್ಬರು, ಸಂಬಳ ಹಾಕುವವರು ಇನ್ನೊಬ್ಬರು ಎಂಬ ಸ್ಥಿತಿ ಉಳಿಯಿತು. 2023ರ ಡಿಸೆಂಬರ್ ಕೊನೆಗೆ ಶುರುವಾದ ಮುಷ್ಕರದಲ್ಲಿ ಸಂಘಗಳು ಮಾತಾಡಿದ್ದು ಮಂತ್ರಿಗಳ ಜೊತೆ. 15,000 ರೂಪಾಯಿ ಸಂಬಳಕ್ಕೆ 6,000 ರೂಪಾಯಿ ಆರೋಗ್ಯ ಭತ್ಯೆಯನ್ನು ಸೇರಿಸಿ 21,000 ಮಾಡುವ ಒಪ್ಪಂದವಾಗಿ ಜನವರಿಯಲ್ಲಿ ಮುಷ್ಕರ ನಿಂತಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕೆಂಬುದು ಎಲ್ಲರಿಗೂ ಬಂತು ಎಂದು ದೊಡ್ಡ ಸುದ್ದಿಯಾಯಿತು. ಪೌರಕಾರ್ಮಿಕರಿಗೆ ಇದು ಹೊಸದಲ್ಲ, ನೈರ್ಮಲ್ಯದ ಕೆಲಸ ಸಾರ್ವಜನಿಕ ಉಪಯುಕ್ತ ಸೇವೆ ಎಂದು 1947ರ ಕಾಯ್ದೆಯಲ್ಲೇ ಅವರಿಗೆ ಈ ಕಟ್ಟು ಇತ್ತು. ಅವರಿಗೆ ತಟ್ಟುವ ಬದಲಾವಣೆಗಳು ಬೇರೆ. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸಲು 20 ಜನ ಇದ್ದದ್ದು 50 ಆಯಿತು. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಸಲ್ಲದು ಎನ್ನುವ ಸಂಹಿತೆ, ಗುಡಿಸುವುದು ಮತ್ತು ಕಸ ಸಾಗಿಸುವುದನ್ನು ಮುಖ್ಯ ಕೆಲಸದಿಂದ ಹೊರಗಿಟ್ಟಿದೆ. ಸಂಸ್ಥೆ ಆ ಕೆಲಸಕ್ಕಾಗಿಯೇ ಸ್ಥಾಪನೆಯಾಗಿದ್ದರೆ ಮಾತ್ರ ಈ ವಿನಾಯಿತಿ ಇಲ್ಲ. ಊರು ಚೊಕ್ಕಟ ಇಡುವುದಲ್ಲದೆ ಪುರಸಭೆ ಇನ್ನು ಯಾತಕ್ಕೆ ಸ್ಥಾಪನೆಯಾದದ್ದು ಎಂಬ ವಾದಕ್ಕೆ ಇಲ್ಲಿ ಎಡೆಯಿದೆ.

ಇನ್ನೊಂದು, ಮಾತುಕತೆಯ ಹಕ್ಕು. ಹಲವು ಸಂಘಗಳಿದ್ದಲ್ಲಿ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರ ಪೈಕಿ ಶೇ. 51 ಬೆಂಬಲ ಇರುವ ಸಂಘವೇ ಏಕೈಕ ಸಂಧಾನ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಬೆಂಬಲ ಇರುವವರು ಸೇರಿ ಸಂಧಾನ ಮಂಡಳಿ. ಯಾರ ಹಾಜರಿ ಪಟ್ಟಿ ಎಂಬುದೇ ಇಲ್ಲಿ ತೊಡಕು. ಸಂಸ್ಥೆಯ ಪಟ್ಟಿಯಲ್ಲಿ ಹೆಸರಿಲ್ಲದ ಗುತ್ತಿಗೆಯವರು ಬೀದಿಯಲ್ಲಿ ಬಹುಮತದಲ್ಲಿದ್ದರೂ ಎಣಿಕೆಯಲ್ಲಿ ಹೊರಗುಳಿಯಬಹುದು.

ಆದಕಾರಣ ಹಳೆಯ ಸಂಘಟಕರು ಹೊಸ ಸದಸ್ಯರಿಗೆ ಚಂದಾ ರಸೀದಿಗಿಂತ ಮೊದಲು ಕಾಗದಪತ್ರದ ಮಾತೇ ಹೇಳುವುದು. ಮೇಸ್ತ್ರಿ ಹಾಕಿದ ಹಾಜರಿಯ ಪ್ರತಿ, ಪಿ.ಎಫ್. ಮತ್ತು ಇ.ಎಸ್.ಐ. ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕು, ಪುರಸಭೆಯ ಅಧಿಕಾರಿ ಕೆಲಸ ಹಂಚಿದ ಚೀಟಿ, ಇವೇ ನ್ಯಾಯಮಂಡಳಿಯಲ್ಲಿ ಯಜಮಾನನನ್ನು ಗುರುತಿಸುವ ಸಾಕ್ಷಿಗಳು. ಗಡಿನಾಡಿನವರಿಗೆ ಇನ್ನೊಂದು ಜಾಗ್ರತೆಯೂ ಬೇಕು. ಮನೆಯಲ್ಲಿ ಕನ್ನಡದಲ್ಲಿ ಕರೆಯುವ ಹೆಸರು ಹಾಜರಿ ಪುಸ್ತಕದಲ್ಲಿ ಮರಾಠಿಯಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ತೆಲುಗಿನಲ್ಲೋ ಕುಳಿತು, ಆಧಾರಿನಲ್ಲಿ ಇಂಗ್ಲಿಷಿಗೆ ತಿರುಗಿ, ಮೂರು ಕಡೆ ಮೂರು ಬಗೆ ಆಗಿರುತ್ತದೆ. ಮುಂಬಯಿಯಲ್ಲಿ ಗೆದ್ದವರನ್ನು ಮತ್ತೆ ಕಾಯಿಸಿದ್ದು ಇಂಥದೇ ತಪ್ಪು. ಅದನ್ನು ತಿದ್ದಿಸಬೇಕಾದದ್ದು ವಿವಾದ ಹೂಡುವ ಮೊದಲು.