ಬೊಡ್ಡೆಯಲ್ಲೇ ಕಾಯಿ ಬಿಟ್ಟ ಕಾಗದದ ಹಲಸು

ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕೊಠಡಿಯ ಮೂಲೆಯಲ್ಲಿ ಹಲಸಿನ ಮರವೊಂದು ನಿಂತಿದೆ. ಬೊಡ್ಡೆಯ ಮೇಲೆ ಗಂಟುಗಳು, ಬಿರುಕುಗಳು, ಅಲ್ಲಲ್ಲಿ ಹಾವಸೆಯ ಬೂದು ಮಚ್ಚೆ. ಮುಟ್ಟಿ ನೋಡಿದ ಮೇಲಷ್ಟೇ ಅದು ಹಳೆಯ ಪತ್ರಿಕೆ, ಮೈದಾ ಅಂಟು ಎಂದು ಗೊತ್ತಾಗುವುದು.

ಮರ ಕಟ್ಟಿದವರು ಅಲ್ಲಿನ ಶಿಕ್ಷಕಿ. ಮೊದಲು ಕಾಯಿಗಳನ್ನು ಮಾವಿನ ಹಾಗೆ ಕೊಂಬೆಯ ತುದಿಗೆ ತೂಗುಹಾಕಿದ್ದರಂತೆ. "ಮಿಸ್, ಹಲಸು ತುದೀಲಿ ಬಿಡಲ್ಲ, ಬೊಡ್ಡೇಲಿ ಬಿಡ್ತದೆ" ಎಂದನಂತೆ ಎರಡನೇ ತರಗತಿಯ ಹುಡುಗ. ಅಂದೇ ಎಲ್ಲವನ್ನೂ ಬಿಚ್ಚಿದರು. "ಕಾಡಂಚಿನ ಮಕ್ಕಳು ಸಾರ್, ಇವರ ಕಣ್ಣು ತಪ್ಪಿಸೋಕಾಗಲ್ಲ" ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು.

ಒಳಗಿರುವುದು ಒಣಗಿದ ಕೊಂಬೆ. ಹಳೆಯ ಬಕೆಟ್ಟಿನಲ್ಲಿ ಕಲ್ಲು, ಸಿಮೆಂಟು ತುಂಬಿ ಅದನ್ನು ನಿಲ್ಲಿಸಿದ್ದಾರೆ. ಪತ್ರಿಕೆಯನ್ನು ಸುರುಳಿ ಸುತ್ತಿ ಸುತಳಿಯಿಂದ ಬಿಗಿದರೆ ಬೊಡ್ಡೆ ದಪ್ಪವಾಗುತ್ತದೆ. ತೊಗಟೆಯದೇ ದೊಡ್ಡ ಕೆಲಸ. ಕಂದು ಕಾಗದವನ್ನು ಮುದುಡಿ, ಬಿಡಿಸಿ, ಮತ್ತೆ ಮುದುಡಿ, ಅಂಟಿನಲ್ಲಿ ಅದ್ದಿ, ಸುಕ್ಕು ಆರುವ ಮುಂಚೆ ಹಚ್ಚಬೇಕು. ಒಣಗಿದ ಮೇಲೆ ಉಬ್ಬಿದ ಗೆರೆಗಳಿಗಷ್ಟೇ ತಿಳಿ ಬಣ್ಣ ಸವರಬೇಕು. ಕಾಯಿಯ ಮುಳ್ಳು ಮೂಡಿದ್ದು ಮೊಟ್ಟೆ ಟ್ರೇಯಿಂದ. ಅದನ್ನು ನೆನೆಸಿ, ರುಬ್ಬಿ, ಬಲೂನಿನ ಮೇಲೆ ಮೆತ್ತಿ, ಮಕ್ಕಳು ಬೆರಳಿನಿಂದ ಒಂದೊಂದೇ ಮುಳ್ಳು ಚಿವುಟಿ ಎಬ್ಬಿಸಿದ್ದಾರೆ. ಹಲಸಿನೆಲೆ ಮೇಲೆ ಕಡುಹಸಿರು, ಅಡಿಯಲ್ಲಿ ಮಾಸಲು. ಅದಕ್ಕೇ ಎರಡು ಬಣ್ಣದ ಕಾಗದ ಸೇರಿಸಿ ಅಂಟಿಸಿದ್ದಾರೆ. ಉದುರುವ ಮುಂಚೆ ಹಳದಿಗೆ ತಿರುಗಿದ ಎಲೆಗಳೂ ಇವೆ.

ಎಲೆಯ ಮಾಸಲು ಬದಿಯಲ್ಲಿ ಮಕ್ಕಳು ತಾವು ಕಲಿತ ಪದ ಬರೆದು ಕಟ್ಟುತ್ತಾರೆ. ಪದ ಬೇಕಾದವರು ಎಲೆ ಹುಡುಕಿ ತಿರುಗಿಸಿ ಓದಬೇಕು.

ನಲಿ-ಕಲಿ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ. ಇಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಕಲಿಕಾ ಏಣಿ, ಕಾರ್ಡು, ಮಕ್ಕಳ ಕೈಬರಹ ತೂಗುವ ಚಪ್ಪರ ಎಲ್ಲ ಬಂದದ್ದು ಹಾಗೆ. ಮರ ಮಾತ್ರ ಯಾವ ಕೈಪಿಡಿಯ ಒತ್ತಾಯವೂ ಇಲ್ಲದೆ ಬೆಳೆದದ್ದು.

ಮಳೆಗಾಲದಲ್ಲಿ ಥಂಡಿಗೆ ಅಂಟು ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ. ಮೈದಾ ವಾಸನೆಗೆ ಇಲಿ, ಜಿರಲೆ ಬರುತ್ತವೆ. ಬಣ್ಣದ ಖರ್ಚು ಹೆಚ್ಚಾಗಿ ಶಿಕ್ಷಕಿಯ ಕೈಯಿಂದಲೇ. ಇಷ್ಟೆಲ್ಲ ಯಾಕೆಂದು ಹಲವು ಶಾಲೆಗಳು ಈಗ ಫ್ಲೆಕ್ಸಿನಲ್ಲಿ ಮುದ್ರಿಸಿದ ಮರ ತಂದು ಗೋಡೆಗೆ ಹೊಡೆಯುತ್ತವೆ. ಉಂಡೆ ಹಸಿರು, ಅದರ ಮೇಲೆ ಕೆಂಪು ಹಣ್ಣು. ಯಾರ ಹೊಲದಲ್ಲೂ ಇಲ್ಲದ, ಹೆಸರಿಲ್ಲದ ಮರ. ಅದು ತಪ್ಪೆಂದು ಹೇಳಲು ಯಾವ ಮಗುವಿಗೂ ಅವಕಾಶವಿಲ್ಲ. ನನಗೆ ನಷ್ಟವೆನಿಸುವುದು ಅದೇ.

ನಿಮ್ಮೂರ ಶಾಲೆಗೊಮ್ಮೆ ಹೋಗಿ ಬನ್ನಿ. ಹಳೆಯ ಪತ್ರಿಕೆ, ಮೊಟ್ಟೆ ಟ್ರೇ, ಸುತಳಿ ಗುಜರಿಗೆ ಹಾಕುವ ಬದಲು ಅಲ್ಲಿ ಕೊಡಿ. ಊರಿನ ಯಾವ ಮರ ಕಟ್ಟಬೇಕೆಂದು ಮಕ್ಕಳು ತೀರ್ಮಾನಿಸಲಿ.